ಆರು ದಿನದ ತೂಕ

ಸಿಳ್ಳೆಯಕ್ಕ ಮರಿಯನ್ನು ಹಳೆಯ ಅಂಗಿಯೊಂದರಲ್ಲಿ ಸುತ್ತಿಕೊಂಡು ಬಂದಿದ್ದಳು. ಅಂಗಿಯ ತೋಳಿನೊಳಗಿಂದ ಮರಿಯ ಮುಂಗಾಲೊಂದು ಹೊರಗೆ ಬಂದು, ಅದೂ ಬಟ್ಟೆ ತೊಟ್ಟು ಎಲ್ಲೋ ಕೆಲಸಕ್ಕೆ ಹೊರಟಂತೆ ಕಾಣುತ್ತಿತ್ತು. ತೂಕದ ಕೋಣೆಯ ಕಿಟಕಿಗೆ ಮುಖವಿಟ್ಟು, "ತಕ್ಕಡಿ ಮೇಡಂ, ಇದನ್ನೊಂದು ಸಲ ಇಟ್ಟು ನೋಡಿ, ಎಷ್ಟು ಬರುತ್ತೋ ಹೇಳಿ" ಎಂದಳು.

ಮೇಕೆ ತಳಿ ಕೇಂದ್ರದ ಹಿಂಗೋಡೆಗೆ ಅಂಟಿಕೊಂಡಂತೆ ಅವಳ ಮನೆ. ಸಾಕಿದ್ದು ಏಳು ಮೇಕೆ. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳೆಂದರೆ ಅವಳ ಏಳರ ಜೊತೆಗೆ ಗೋಡೆಯ ಈಚೆಗಿನ ನಲವತ್ತೈದೂ ಕಿವಿ ನಿಮಿರಿಸುತ್ತಿದ್ದವು. ಹೆಸರಿಟ್ಟು ಕರೆಯುವವರು ಅವಳಿಗೂ ಇರಲಿಲ್ಲ, ತಕ್ಕಡಿ ಮೇಡಂಗೂ ಇರಲಿಲ್ಲ. ಮರಿ ಹುಟ್ಟಿದ ಕೂಡಲೇ, ಅದು ಗಿಣ್ಣುಹಾಲಿಗೆ ಬಾಯಿ ಹಾಕುವ ಮೊದಲೇ ತೂಗಬೇಕು. ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ತೂಗಬೇಕು. ತಾಯಿ ಮೇಕೆ ತೊಂಬತ್ತು ದಿನ ಕೊಟ್ಟ ಹಾಲನ್ನು ಅಳೆದು ಬರೆಯಬೇಕು. ಎಂಟು ವರ್ಷದಿಂದ ಮೇಡಂ ಮಾಡುತ್ತಿದ್ದದ್ದು ಇದನ್ನೇ. ಕೆಲಸವೇ ಹೆಸರಾಗಿಬಿಟ್ಟಿತ್ತು.

"ಹುಟ್ಟಿ ಎಷ್ಟು ದಿನ ಆಯ್ತಕ್ಕಾ?"

"ಎರಡು."

ಎರಡು ದಿನವೆಂದರೆ ಇನ್ನೂರು ಗ್ರಾಂ ಕಳೆಯಬೇಕು ಎಂದು ಮೇಡಂನ ತಲೆ ತಾನಾಗಿಯೇ ಲೆಕ್ಕ ಹಾಕಿತು. ಹಾಕಿದ ಕೂಡಲೇ ಅವಳ ಮುಖ ಬಿಸಿಯಾಯಿತು. ಮರಿಯನ್ನು ಅಂಗಿಯಿಂದ ಬಿಡಿಸಿ ತಟ್ಟೆಯಲ್ಲಿಟ್ಟಳು. ಮೂರು ಕಿಲೋ ಮುನ್ನೂರು. ಸಿಳ್ಳೆಯಕ್ಕನ ಮೇಕೆಗಳು ಹಾಕುತ್ತಿದ್ದ ಮರಿಗಳು ಎರಡು ಕಿಲೋ ಮುಟ್ಟಿದರೆ ಹೆಚ್ಚು.

"ನೋಡಿದ್ರಾ, ನಿಮ್ಮ ಹೋತದ ಮರಿ" ಎಂದು ಸಿಳ್ಳೆಯಕ್ಕ ಹೆಮ್ಮೆಯಿಂದಲೇ ಹೇಳಿದಳು. ಆಮೇಲೆ ಮರಿಯನ್ನು ಮತ್ತೆ ಅಂಗಿಗೆ ಸುತ್ತುತ್ತಾ, ಬೇರೆ ಯಾರದೋ ವಿಷಯ ಹೇಳುವ ದನಿಯಲ್ಲಿ, "ತಾಯಿ ಹೋಯ್ತು" ಎಂದಳು. ಹೋದದ್ದು ಕರಿಮೂತಿ. ಹಿಂಡಿಗೆ ಮುಂದಾಳು. ಅರ್ಧ ದಿನ ಮುಕ್ಕಿರಿದು ಮುಕ್ಕಿರಿದು ಸುಸ್ತಾಗಿ, ಕೊನೆಗೆ ಸಿಳ್ಳೆಯಕ್ಕನೂ ಅವಳ ಓರಗಿತ್ತಿಯೂ ಸೇರಿ ಮರಿಯನ್ನು ಎಳೆದು ತೆಗೆದರಂತೆ. ಮರಿ ಉಳಿಯಿತು, ಮೇಕೆ ಏಳಲಿಲ್ಲ.

"ನಾನೇ ಕೆಟ್ಟೆ, ಮೇಡಂ. ಗಬ್ಬದ ಮೇಕೆ ಅಂತ ದಿನಾ ಎರಡು ಹಿಡಿ ಕಾಳು ಜಾಸ್ತಿ ಹಾಕ್ದೆ. ಮರಿ ಒಳಗೇ ಬಲಿತುಬಿಡ್ತು. ನಮ್ಮ ಓರಗಿತ್ತಿನೂ ಅದನ್ನೇ ಅಂತಾಳೆ, ನಿನ್ನ ಮುದ್ದೇ ಅದನ್ನ ಕೊಂದಿದ್ದು ಅಂತ."

ಹಾಗಲ್ಲ ಅಕ್ಕ ಎಂಬ ಮಾತು ತಕ್ಕಡಿ ಮೇಡಂನ ನಾಲಿಗೆಯ ತುದಿಗೆ ಬಂದು ಅಲ್ಲೇ ಕುಳಿತಿತು. ಅವಳು ಎದ್ದು ಹೋಗಿ ಹಾಲುಣಿಸುವ ರಬ್ಬರಿನ ತೊಟ್ಟು, ಒಂದು ಬಾಟಲಿ ತಂದುಕೊಟ್ಟಳು. ದಿನಾ ಬೆಳಿಗ್ಗೆ ಬಂದು ಕೇಂದ್ರದ ಹಾಲನ್ನೇ ಒಯ್ಯಬಹುದೆಂದಳು. ಸಿಳ್ಳೆಯಕ್ಕ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನೀವು ಒಳ್ಳೆಯವರು ಎಂದು ಹೇಳಿ ಹೋದಳು. ಬೈದು ಹೋಗಿದ್ದರೆ ವಾಸಿಯಿತ್ತು.

ಅವಳು ಹೋದ ಮೇಲೆ ಮೇಜಿನ ಮೇಲೆ ಉಳಿದದ್ದು ಆಯ್ಕೆಯ ಪಟ್ಟಿ. ಎರಡನೆಯ ಕಂತಿನ ಹದಿನಾಲ್ಕು ಹೋತಗಳ ಕಿವಿಯೋಲೆಯ ನಂಬರು, ಎದುರಿಗೆ ಹುಟ್ಟಿದಾಗಿನ ತೂಕ, ಕೆಳಗೆ 'ತೂಕ ಸರಿಯಿದೆ' ಎಂಬ ಸಾಲು, ಅದರಡಿ ಅವಳ ಸಹಿಗೆ ಜಾಗ. ಸೋಮವಾರ ಲಾರಿ ಬರುತ್ತದೆ. ಹದಿನಾಲ್ಕು ಹೋತ ಹದಿನಾಲ್ಕು ಮನೆಗೆ ಹೋಗುತ್ತವೆ. ಅಂದು ಗುರುವಾರ.

ಆ ಪಟ್ಟಿಯ ಬೇರು ಎರಡೂವರೆ ವರ್ಷದ ಹಿಂದಿನದು.

ಹೋತಗಳನ್ನು ಹಿಂಡಿನೊಳಗೆ ಒಂದೇ ವಾರ ಬಿಡುವುದು ಕೇಂದ್ರದ ಪದ್ಧತಿ. ಹಾಗಾಗಿ ಐದು ತಿಂಗಳಾದ ಮೇಲೆ ಮರಿಗಳೂ ಮೊದಲೇ ಮಾತಾಡಿಕೊಂಡವರ ಹಾಗೆ ಒಂದೇ ವಾರದಲ್ಲಿ ಬರುತ್ತವೆ. ಆ ವರ್ಷ ಬುಧವಾರದಿಂದ ಶುರುವಾಗಬಹುದೆಂದು ಅವಳು ಲೆಕ್ಕ ಹಾಕಿದ್ದಳು. ಸೋಮವಾರ ಬೇರೊಂದು ಊರಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸವೊಂದಕ್ಕೆ ಪರೀಕ್ಷೆ ಇತ್ತು. ಹೋಗಿ ಬರೆದು ಮಂಗಳವಾರ ವಾಪಸು ಬಂದರಾಯಿತು ಎಂದುಕೊಂಡಳು. ಬೇರೆ ಕೆಲಸ ಹುಡುಕುತ್ತಿದ್ದೇನೆಂದು ಮುಖ್ಯಸ್ಥರಿಗೆ ಹೇಳಲು ಬಾಯಿ ಬರಲಿಲ್ಲ. ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದ ಆ ಮನುಷ್ಯ ಅವಳಿಗೆ ಕೈಹಿಡಿದು ಕೆಲಸ ಕಲಿಸಿದವರು. ಅದಕ್ಕೇ ಅತ್ತೆಯನ್ನು ಬಚ್ಚಲಲ್ಲಿ ಬೀಳಿಸಿದಳು. "ಅತ್ತೆ ಜಾರಿಬಿದ್ರು ಸಾರ್, ಸೊಂಟಕ್ಕೆ ಪೆಟ್ಟಾಗಿದೆ" ಎಂದದ್ದೇ ತಡ, ಹೊರಡಿ ಹೊರಡಿ, ಮೊದಲು ಮನೆ ಆಮೇಲೆ ಮೇಕೆ ಎಂದು ಅವರೇ ಅವಸರಪಡಿಸಿದರು. ತಾವೂ ಆ ಭಾನುವಾರವೇ ಯಾವುದೋ ಸಮ್ಮೇಳನಕ್ಕೆ ಹೋಗುವವರಿದ್ದರು.

ಅವಳು ಸೃಷ್ಟಿಸಿದ ಆ ಪೆಟ್ಟು ಅವಳನ್ನು ಬಿಡಲಿಲ್ಲ. ಆಮೇಲೆ ಒಂದು ವರ್ಷ ಅತ್ತೆ ಬಚ್ಚಲಿಗೆ ಹೋದಾಗಲೆಲ್ಲ ಅವಳು ಬಾಗಿಲ ಹೊರಗೆ ಒರೆಸುವ ಬಟ್ಟೆ ಹಿಡಿದು ನಿಲ್ಲುತ್ತಿದ್ದಳು. ಆಡಿದ ಸುಳ್ಳು ಎಲ್ಲಿ ನಿಜವಾಗಿಬಿಡುತ್ತದೋ ಎಂಬ ದಿಗಿಲು. ಗಟ್ಟಿಮುಟ್ಟಾಗಿದ್ದ ಅತ್ತೆ, ಸೊಸೆಗೆ ಇದ್ದಕ್ಕಿದ್ದಂತೆ ತನ್ನ ಮೇಲೆ ಇಷ್ಟು ಪ್ರೀತಿ ಉಕ್ಕಿದ್ದೇಕೆಂದು ತಿಳಿಯದೆ ನೆಂಟರ ಮುಂದೆಲ್ಲ ಹೊಗಳಿಕೊಂಡು ತಿರುಗಿದರು. ದೊಡ್ಡ ಸಾರ್ ಅಂತೂ ಎರಡು ಮೂರು ವಾರಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದರು, ಅತ್ತೆಯ ಸೊಂಟ ಹೇಗಿದೆ ಎಂದು. "ಪರವಾಗಿಲ್ಲ ಸಾರ್" ಎಂದು ಹೇಳಿ ಹೇಳಿ ಅವಳಿಗೇ ಆ ಸೊಂಟದ ಬಗ್ಗೆ ಕನಿಕರ ಹುಟ್ಟಿತ್ತು.

ಪರೀಕ್ಷೆಯ ಕೋಣೆಯಲ್ಲಿ ಪೆನ್ನು ಹುಡುಕಲು ಚೀಲಕ್ಕೆ ಕೈ ಹಾಕಿದಾಗ ತಣ್ಣಗೆ ಬೆರಳಿಗೆ ತಾಗಿದ್ದು ತಕ್ಕಡಿಯ ಕಪಾಟಿನ ಬೀಗದ ಕೈ. ಕೊಟ್ಟಿಗೆಯವರು ಅದೇ ತಕ್ಕಡಿಯಲ್ಲಿ ಹಿಂಡಿಯ ಚೀಲ ತೂಗಿ ಅದರ ಮುಳ್ಳು ಕೆಡಿಸುತ್ತಾರೆಂದು ಕಪಾಟು ಮಾಡಿಸಿ ಬೀಗ ಹಾಕಿಸಿದವಳು ಅವಳೇ. 'ಅನುಮತಿಯಿಲ್ಲದೆ ಮುಟ್ಟಬಾರದು' ಎಂದು ದುಂಡಗೆ ಬರೆದು ಅಂಟಿಸಿದವಳೂ ಅವಳೇ. ಇರಲಿ, ಬುಧವಾರದೊಳಗೆ ಹೋಗುತ್ತೇನಲ್ಲ ಎಂದುಕೊಂಡಳು. ಅವಳ ಲೆಕ್ಕ ಮೇಕೆಗಳಿಗೆ ಗೊತ್ತಿರಲಿಲ್ಲ. ಅವು ಭಾನುವಾರವೇ ಈಯಲು ತೊಡಗಿದ್ದವು. ಬರೆದ ಪರೀಕ್ಷೆಯಲ್ಲಿ ಅವಳು ಪಾಸಾದಳು. ಗುರುವಾರ ಸಂದರ್ಶನಕ್ಕೆ ಉಳಿಯಿರಿ ಎಂದರು, ಉಳಿದಳು. ಅದರಲ್ಲಿ ಆಗಲಿಲ್ಲ. ಶುಕ್ರವಾರ ಮಧ್ಯಾಹ್ನ ಕೇಂದ್ರದ ಗೇಟು ದಾಟುವಾಗ ಕೊಟ್ಟಿಗೆಯಿಂದ ಮರಿಗಳ ಅರಚಾಟ ಕೇಳಿಸಿತು. ಅರವತ್ತನಾಲ್ಕು ಮರಿ. ಒಂದನ್ನೂ ತೂಗಿರಲಿಲ್ಲ.

ಕೊಟ್ಟಿಗೆಯ ಅಜ್ಜ ತನ್ನ ಬುದ್ಧಿಗೆ ತೋಚಿದ್ದು ಮಾಡಿದ್ದ. ಮೊದಲ ದಿನ ಹುಟ್ಟಿದವಕ್ಕೆ ಬೆನ್ನ ಮೇಲೆ ಬಣ್ಣದ ಒಂದು ಚುಕ್ಕೆ, ಎರಡನೆಯ ದಿನದವಕ್ಕೆ ಎರಡು, ಹಾಗೆ ಆರರವರೆಗೆ. ಅವಳು ಬಾಗಿಲು ಹಾಕಿಕೊಂಡು ಒಂದೊಂದಾಗಿ ತೂಗಿದಳು. ಮರಿ ದಿನಕ್ಕೆ ಸುಮಾರು ನೂರು ಗ್ರಾಂ ಬೆಳೆಯುತ್ತದೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಐದು ದಿನದ ಮರಿಗೆ ಐನೂರು ಕಳೆದಳು, ಮೂರು ದಿನದ್ದಕ್ಕೆ ಮುನ್ನೂರು. ಉಳಿದದ್ದನ್ನು ಹುಟ್ಟಿದಾಗಿನ ತೂಕ ಎಂಬ ಕಲಮಿನಲ್ಲಿ ಬರೆದಳು. ಸೋಮವಾರ ದೊಡ್ಡ ಸಾರ್ ಬರುವಷ್ಟರಲ್ಲಿ ಪುಸ್ತಕ ತುಂಬಿತ್ತು, ಎಂದಿನಂತೆ ಒಂದು ಗೀಟೂ ಇಲ್ಲದೆ. ರಜೆಯ ಅರ್ಜಿಯನ್ನು ತೂಕದ ಪುಸ್ತಕದ ಪಕ್ಕ ಇಟ್ಟು ತಾರೀಕು ನೋಡುವ ಮನುಷ್ಯ ಅವರಲ್ಲ.

ಅಜ್ಜ ಮಾತ್ರ ಅಂದು ಬಾಗಿಲಲ್ಲಿ ನಿಂತು ಬೀಡಿ ಕಚ್ಚಿಕೊಂಡೇ ಹೇಳಿದ್ದ: "ನಿನ್ನೆ ಮೊನ್ನೆ ತೂಕಾನ ಇವತ್ತು ನೋಡೋರನ್ನ ನಾನು ಇದೇ ಮೊದಲು ನೋಡ್ತಿರೋದಮ್ಮಾ."

ಅವಳು ನಕ್ಕಿದ್ದಳು. ಆ ನಗು ನೆನಪಾದರೆ ಇಂದಿಗೂ ಹಲ್ಲು ಜುಮ್ಮೆನ್ನುತ್ತದೆ.

ಮೂರು ವರ್ಷದ ತೂಕವೂ ಹಾಲೂ ಕೈಸೇರಿದ ಮೇಲೆ ದೊಡ್ಡ ಸಾರ್ ಲೆಕ್ಕಕ್ಕೆ ಕುಳಿತರು. ಮೇಕೆಯ ಬೆಳವಣಿಗೆಗೂ ಅದರ ಹಾಲಿಗೂ ರಕ್ತದಲ್ಲೇ ಏನಾದರೂ ನಂಟಿದೆಯೇ ಎಂಬುದು ಅವರ ಇಡೀ ಆಯುಷ್ಯದ ಪ್ರಶ್ನೆ. ತೊಡಕಿದ್ದದ್ದು ಇಲ್ಲಿ: ಹೋತ ಹಾಲು ಕೊಡುವುದಿಲ್ಲ. ಅದು ಒಳ್ಳೆಯ ಹಾಲಿನ ಹೋತವೋ ಅಲ್ಲವೋ ತಿಳಿಯಬೇಕಾದರೆ ಅದರ ಹೆಣ್ಣುಮರಿಗಳು ಬೆಳೆದು ಈದು ಹಾಲು ಕೊಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ಹೊತ್ತಿಗೆ ಹೋತ ಮುದಿಯಾಗಿರುತ್ತದೆ, ಇಲ್ಲವೇ ಕಸಾಯಿಯ ಪಾಲಾಗಿರುತ್ತದೆ. ಹುಟ್ಟಿದ ದಿನವೇ ತಿಳಿಯುವ ಗುರುತೊಂದು ಸಿಕ್ಕಿದರೆ? ಸಿಕ್ಕಿತು. ಹುಟ್ಟಿದಾಗಿನ ತೂಕ ಹೆಚ್ಚಿದ್ದ ಮರಿಗಳ ವಂಶದಲ್ಲಿ ಹಾಲೂ ಹೆಚ್ಚು. ಸೊನ್ನೆಯಿಂದ ಒಂದರವರೆಗಿನ ಅಳತೆಗೋಲಿನಲ್ಲಿ ಆ ನಂಟು ಸುಮಾರು ಅರ್ಧಕ್ಕೆ ಬಂದು ನಿಂತಿತು. ಬೇರೆ ಕಡೆಯವರಿಗೆ ಯಾರಿಗೂ ಇಷ್ಟು ಬಂದಿರಲಿಲ್ಲ.

"ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ಸುಮ್ನೆ ಅಂದ್ರಾ ಹಿರಿಯರು?" ಎಂದು ಅವರು ಎದುರಿಗೆ ಬಂದವರಿಗೆಲ್ಲ ಹೇಳಿದರು. ಪ್ರಬಂಧ ಅಚ್ಚಾಯಿತು. ತಮ್ಮ ಹೆಸರಿನ ಪಕ್ಕದಲ್ಲಿ ಅವಳ ಹೆಸರನ್ನೂ ಹಾಕಿಸಿದರು. ಬೇಡ ಸಾರ್ ಎಂದರೆ ಕೇಳಲಿಲ್ಲ. ಅದನ್ನು ವಿನಯವೆಂದು ತಿಳಿದರು. ಆಮೇಲೆ ಮೂರನೆಯ ವರ್ಷ ಹುಟ್ಟಿದವುಗಳಲ್ಲಿ ಹುಟ್ಟಿದಾಗಿನ ತೂಕ ಹೆಚ್ಚಿದ್ದ ಒಂಬತ್ತು ಹೋತಗಳನ್ನು ಆರಿಸಿ ಸುತ್ತಲಿನ ಒಂಬತ್ತು ಮನೆಗಳಿಗೆ ಕೊಟ್ಟರು. ಅದರಲ್ಲಿ ಒಂದು ಹಿಂಗೋಡೆಯ ಆಚೆಗೆ ಹೋಯಿತು.

ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತಕ್ಕಡಿ ಮೇಡಂ ಕಂಪ್ಯೂಟರಿನ ಮುಂದೆ ಕುಳಿತಳು. ಬಾಗಿಲು ಹಾಕಲಿಲ್ಲ, ಹಾಕಿದರೆ ಯಾರಾದರೂ ಏಕೆ ಹಾಕಿದ್ದಾಳೆಂದು ಕೇಳಿಯಾರು. ಕಾರಿಡಾರಿನಲ್ಲಿ ಹೆಜ್ಜೆ ಕೇಳಿದಾಗಲೆಲ್ಲ ಪರದೆಯ ಮೇಲೆ ಬೇರೇನನ್ನೋ ತೆರೆದಿಡುತ್ತಿದ್ದಳು. ಮೂರು ವರ್ಷವನ್ನೂ ಕಲಸಿದ್ದ ಲೆಕ್ಕವನ್ನು ಬಿಡಿಸಿ ಒಂದೊಂದು ವರ್ಷವನ್ನು ಬೇರೆ ಬೇರೆಯಾಗಿ ನೋಡಿದಳು. ಮೊದಲ ವರ್ಷ ತೂಕಕ್ಕೂ ಹಾಲಿಗೂ ನಂಟು ಇಲ್ಲವೆನ್ನುವಷ್ಟು ಕಡಿಮೆ. ಮೂರನೆಯ ವರ್ಷವೂ ಹಾಗೆಯೇ. ಎರಡನೆಯ ವರ್ಷ ಮಾತ್ರ ಮುಗಿಲು ಮುಟ್ಟಿತ್ತು.

ಅದು ಹೇಗೆಂದು ತಿಳಿಯಲು ಅವಳಿಗೆ ಕಂಪ್ಯೂಟರು ಬೇಕಾಗಲಿಲ್ಲ, ಕಾಗದದ ಚೂರೊಂದು ಸಾಕಾಯಿತು. ಎರಡು ಮರಿ, ಹುಟ್ಟುವಾಗ ಎರಡಕ್ಕೂ ಎರಡೇ ಕಿಲೋ. ಒಂದರ ತಾಯಿಗೆ ಕೆಚ್ಚಲು ತುಂಬ ಹಾಲು, ಅದು ದಿನಕ್ಕೆ ನೂರೈವತ್ತು ಗ್ರಾಂ ಬೆಳೆಯಿತು. ಇನ್ನೊಂದರ ತಾಯಿ ಬಡಕೆಚ್ಚಲಿನದು, ಅದು ಐವತ್ತು ಬೆಳೆಯಿತು. ಐದು ದಿನವಾದ ಮೇಲೆ ಎರಡರಿಂದಲೂ ಐನೂರು ಕಳೆದರೆ ಒಂದು ಎರಡೂಕಾಲು ಕಿಲೋ ಹುಟ್ಟಿದಂತೆ, ಇನ್ನೊಂದು ಒಂದೂಮುಕ್ಕಾಲು ಹುಟ್ಟಿದಂತೆ. ತಾಯಿಯ ಹಾಲನ್ನೇ ಅವಳು ಮರಿಯ ಹುಟ್ಟಿಗೆ ಬೆರೆಸಿ ಬರೆದಿದ್ದಳು. ಆಮೇಲೆ ದೊಡ್ಡ ಸಾರ್ ಬಂದು, ಆಹಾ, ಹುಟ್ಟಿನಲ್ಲೇ ಹಾಲಿದೆ ಎಂದರು. ಇರದೆ ಏನು, ಹಾಕಿದವಳು ಅವಳೇ ಅಲ್ಲವೇ.

ಹೀಗಾಗಿ ಹಾಲಿಗೆಂದು ಆರಿಸಿದ ಹೋತಗಳಲ್ಲಿ ಹಾಲಿನ ಭರವಸೆ ಇರಲಿಲ್ಲ. ಇದ್ದದ್ದು ದಪ್ಪ ಮರಿಗಳ ಭರವಸೆ. ಆ ದಪ್ಪ ಮರಿಗಳು ಹೊರಬರಬೇಕಾದ ದಾರಿ ಮನೆಮನೆಯ ಸಣ್ಣ ಮೇಕೆಗಳದು.

ಈ ಅನುಮಾನ ಅವಳಿಗೆ ಇಂದು ಹುಟ್ಟಿದ್ದೇನಲ್ಲ. ದೊಡ್ಡ ಸಾರ್ ಆ ಅಂಕಿಯನ್ನು ಮೊದಲ ಸಲ ಓದಿ ಹೇಳಿದ ದಿನವೇ ಅಜ್ಜನ ಚುಕ್ಕೆಗಳು ಅವಳ ಕಣ್ಣ ಮುಂದೆ ಬಂದಿದ್ದವು. ಆದರೆ ಬಿಡಿಸಿ ನೋಡಿದರೆ ತಾನೇ ಗೊತ್ತಾಗುವುದು. ಅವಳು ಬಿಡಿಸಿ ನೋಡಿರಲಿಲ್ಲ. ಕರಿಮೂತಿ ಸಾಯುವವರೆಗೆ ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಿಳ್ಳೆಯಕ್ಕ ಹಾಲಿಗೆ ಬಂದಳು. ತಕ್ಕಡಿ ಮೇಡಂ ಅವಳ ಕಣ್ಣಿಗೆ ಬೀಳದಂತೆ ಕೊಟ್ಟಿಗೆಗೆ ನಡೆದಳು. ಅಜ್ಜ ನೀರಿನ ತೊಟ್ಟಿ ಉಜ್ಜುತ್ತಿದ್ದ. ಅವನಿಗೆ ಎಷ್ಟು ನೆನಪಿದೆಯೆಂದು ತಿಳಿದುಕೊಳ್ಳುವುದು ಅವಳ ಉದ್ದೇಶ. ಅವನು ಮರೆತಿದ್ದರೆ ಲೋಕದಲ್ಲಿ ಇದು ಗೊತ್ತಿರುವವಳು ತಾನೊಬ್ಬಳೇ. ಹವೆಯ ವಿಷಯ, ಮೇವಿನ ವಿಷಯ ಮಾತಾಡಿ, ಎರಡು ವರ್ಷದ ಹಿಂದೆ ಈ ತೊಟ್ಟಿ ಇಲ್ಲಿತ್ತೋ ಅಲ್ಲಿತ್ತೋ ಎಂದು ಸುತ್ತಿ ಬಳಸಿ ಹತ್ತಿರ ಬಂದಳು. ಅಜ್ಜ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಚುಕ್ಕೆ ವಿಷಯ ತಾನೇ ಕೇಳ್ತಿರೋದು?" ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದಳು.

"ಯಾರಾದ್ರೂ ಕೇಳಿದ್ರೆ ಹೇಳ್ತೀನಿ. ಕೇಳದೆ ಹೇಳೋದಿಲ್ಲ" ಎಂದು ಅಜ್ಜ ತೊಟ್ಟಿಯನ್ನು ಮಗುಚಿದ. ನೀರು ಅವಳ ಚಪ್ಪಲಿಯವರೆಗೆ ಹರಿದು ಬಂತು. "ಗೋಡೆ ಆಚೆ ಇನ್ನೂ ಎರಡು ಗಬ್ಬ ಇದಾವಂತೆ. ಅದೇ ಹೋತದ್ದು."

ಅದು ಬೆದರಿಕೆಯಾಗಿರಲಿಲ್ಲ. ಬೆದರಿಕೆಯಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು.

ದೊಡ್ಡ ಸಾರ್ ಕೋಣೆಯಲ್ಲಿ ಹದಿನಾಲ್ಕು ಮನೆಯವರಿಗೆ ಕೊಡುವ ಚೀಟಿಗಳಿಗೆ ಸಹಿ ಹಾಕುತ್ತಿದ್ದರು. ಅವಳನ್ನು ಕಂಡು ಪಟ್ಟಿ ತಂದಿರಾ ಎಂದು ಕೈ ಚಾಚಿದರು. ಅವಳು ಪಟ್ಟಿಯ ಬದಲು ಎರಡನೆಯ ವರ್ಷದ ತೂಕದ ಪುಸ್ತಕವನ್ನೂ ನಿನ್ನೆಯ ಕಾಗದದ ಚೂರನ್ನೂ ಮೇಜಿನ ಮೇಲಿಟ್ಟಳು. ಕುಳಿತುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಮೊದಲನೆಯದೊಂದೇ ನೆನಪಿನಲ್ಲಿತ್ತು.

"ಸಾರ್, ಇದರಲ್ಲಿ ಅರವತ್ನಾಲ್ಕು ತೂಕ ನಾನು ತೂಗಿದ್ದಲ್ಲ."

ಉಳಿದದ್ದು ಹೇಗೋ ಬಂತು. ಬೀಗದ ಕೈ, ಚುಕ್ಕೆ, ದಿನಕ್ಕೆ ನೂರು ಗ್ರಾಂ. ಅವರು ಮೊದಲು ನಂಬಲಿಲ್ಲ. ಒಂದು ವರ್ಷದ ತಪ್ಪಿನಿಂದ ಇಷ್ಟೆಲ್ಲ ಆಗಲಾರದು ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ಕಾಗದದ ಚೂರನ್ನು ಓದಿದರು. ಓದಿ ಕಂಪ್ಯೂಟರಿನ ಕಡೆ ತಿರುಗಿ, ಆ ಅರವತ್ತನಾಲ್ಕನ್ನು ತೆಗೆದುಹಾಕಿ ಲೆಕ್ಕವನ್ನು ಮತ್ತೆ ಓಡಿಸಿದರು. ಯಂತ್ರ ಯೋಚಿಸುತ್ತಿದ್ದಷ್ಟು ಹೊತ್ತು ಇಬ್ಬರೂ ಗೋಡೆಯ ಮೇಲಿದ್ದ ಮೇಕೆಗಳ ಚಿತ್ರಪಟ ನೋಡಿದರು. ಅರ್ಧದ ಹತ್ತಿರವಿದ್ದ ಅಂಕಿ ಸೊನ್ನೆಯ ಪಕ್ಕ ಬಂದು ಕುಳಿತಿತು.

ದೊಡ್ಡ ಸಾರ್ ಸಹಿ ಹಾಕಿದ್ದ ಚೀಟಿಗಳನ್ನು ಒಟ್ಟು ಮಾಡಿ, ಅಂಚು ಸರಿಪಡಿಸಿ, ಖಾನೆಯೊಳಗೆ ಇಟ್ಟರು. ದನಿ ಎತ್ತರಿಸಲಿಲ್ಲ. ತನಗೂ ಕೇಳಬೇಕು ಅನ್ನಿಸಲಿಲ್ಲ ಎಂದರು; ಬೇರೆಯವರಿಗೆ ಯಾರಿಗೂ ಬರದ್ದು ನಮಗೆ ಬಂತು ಎಂದಾಗ ಅನುಮಾನಪಡುವುದು ಬಿಟ್ಟು ಹಿಗ್ಗಿದೆ ಎಂದರು. ಆಮೇಲೆ, ಬಿದ್ದವಳನ್ನು ಎತ್ತಲು ಕೈ ನೀಡುವವರಂತೆ ಹೇಳಿದರು: "ನಿಮ್ಮದಾದ್ರೂ ಏನು ಮಾಡೋಕಾಗ್ತಿತ್ತು ಬಿಡಿ. ಅತ್ತೆ ಬಿದ್ದಿದ್ರಲ್ಲ ಆವಾಗ. ಮನೇಲಿ ಅಷ್ಟು ಗಾಬರಿ. ಪ್ರಬಂಧ ಅಚ್ಚು ಮಾಡಿದವರಿಗೆ ಪತ್ರ ಬರೆಯುವಾಗ ಹಾಗೇ ಬರೆಯೋಣ, ತೂಕದವರ ಮನೆಯಲ್ಲಿ ಅವಘಡವಾಗಿತ್ತು ಅಂತ."

ಬಾಗಿಲು ತೆರೆದಿತ್ತು. ಅವಳು ಒಂದು ಹೂಂ ಅಂದರೆ ಸಾಕಿತ್ತು, ಅಳತೆ ತಪ್ಪಿದ ಒಳ್ಳೆಯ ಸೊಸೆಯಾಗಿ ಹೊರಗೆ ಬರಬಹುದಿತ್ತು. ಹೂಂ ಎನ್ನಲು ಅವಳ ತಲೆ ಆಗಲೇ ಅರ್ಧ ಆಡಿತ್ತು. ಆಗ ಅವಳಿಗೆ ಯಾಕೋ ಸಿಳ್ಳೆಯಕ್ಕನ ಎರಡು ಹಿಡಿ ಕಾಳು ನೆನಪಾಯಿತು.

"ಬಿದ್ದಿರಲಿಲ್ಲ ಸಾರ್."

"ಏನು?"

"ಅತ್ತೆ ಬಿದ್ದಿರಲಿಲ್ಲ. ನಾನು ಬೇರೆ ಕೆಲಸಕ್ಕೆ ಪರೀಕ್ಷೆ ಬರೆಯೋಕೆ ಹೋಗಿದ್ದೆ."

ಅರವತ್ತನಾಲ್ಕು ಸುಳ್ಳು ತೂಕವನ್ನು ತಡೆದುಕೊಂಡಿದ್ದ ಆ ಮುಖ ಇದನ್ನು ತಡೆದುಕೊಳ್ಳಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡೂವರೆ ವರ್ಷ ನಾನು ಆ ಸೊಂಟ ಕೇಳಿದೀನಲ್ರೀ" ಎಂದರು. ಅದರಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತು. ನಾಚಬೇಕಾದವಳು ಎದುರಿಗೆ ನಿಂತಿದ್ದರೂ ನಾಚಿದವರು ಅವರು. ಆಮೇಲೆ ಕೈ ಚಾಚಿ, ಬೀಗದ ಕೈ ಕೊಡಿ ಎಂದರು. ಅವಳು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಎಂಟು ವರ್ಷದಲ್ಲಿ ಅದು ಬೇರೆಯವರ ಕೈಗೆ ಹೋದದ್ದು ಅದೇ ಮೊದಲು.

ಲಾರಿ ಬರುವುದು ಬೇಡವೆಂದು ಅವಳ ಎದುರಿಗೇ ಫೋನ್ ಮಾಡಿದರು. ಪ್ರಬಂಧ ಅಚ್ಚು ಮಾಡಿದವರಿಗೆ ತಾವೇ ಬರೆಯುವುದಾಗಿ ಹೇಳಿದರು. ಅವಳ ಕೆಲಸದ ವಿಷಯ ಮೇಲಿನವರು ನೋಡುತ್ತಾರೆ, ತಾವು ಒಂದು ಮಾತೂ ಕೂಡಿಸುವುದಿಲ್ಲ, ಕಳೆಯುವುದೂ ಇಲ್ಲ ಎಂದರು. ಒಂಬತ್ತು ಮನೆಗೆ ಹೋಗಿರುವ ಹೋತಗಳನ್ನು ವಾಪಸು ತರಿಸಬೇಕು, ಗಬ್ಬವಾಗಿರುವ ಮೇಕೆಗಳನ್ನು ಡಾಕ್ಟರು ನೋಡಬೇಕು. ಒಂಬತ್ತು ಮನೆಗೂ ಹೋಗಿ ಹೇಳುವವರು ಯಾರು ಎಂದು ಅವರು ಕೇಳಲಿಲ್ಲ. ನಾನೇ ಹೋಗುತ್ತೇನೆ ಎಂದು ಅವಳೂ ಹೇಳಬೇಕಾಗಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಮಡಿಸಿದ ಬಟ್ಟೆಗಳ ನಡುವೆ ಕುಳಿತಿದ್ದರು. ಅವಳ ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅವನಿಗೆ ಪರೀಕ್ಷೆಯ ವಿಷಯ ಗೊತ್ತಿತ್ತು, ತಾಯಿಯನ್ನು ಬೀಳಿಸಿದ್ದು ಗೊತ್ತಿರಲಿಲ್ಲ. ಅವಳು ಅತ್ತೆಯ ಪಕ್ಕದಲ್ಲಿ ಕುಳಿತು, ಟವೆಲೊಂದನ್ನು ಮಡಿಸುತ್ತಾ ಬಿಚ್ಚುತ್ತಾ ಎಲ್ಲವನ್ನೂ ಹೇಳಿದಳು. ಅತ್ತೆ ಕೇಳುತ್ತಾ ಕೇಳುತ್ತಾ ತಮ್ಮ ಸೊಂಟವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಯಾವ ಕಡೆ?" ಎಂದರು.

"ಏನತ್ತೆ?"

"ಬೀಳಿಸಿದೆಯಲ್ಲೇ, ಎಡಗಡೆನಾ ಬಲಗಡೆನಾ?"

"ಎಡಗಡೆ."

"ಅದಕ್ಕೇ ನಿಮ್ಮ ಕೇಂದ್ರದ ಡಾಕ್ಟರಮ್ಮ ಮದುವೆ ಮನೇಲಿ ಸಿಕ್ಕಿದಾಗ ನನ್ನ ಎಡಗೈ ಹಿಡ್ಕೊಂಡು ಮೆಟ್ಟಿಲು ಇಳಿಸಿದ್ದು. ನಾನು, ಪಾಪ, ಇವಳಿಗೇ ಕಾಲು ನೋವೇನೋ ಅಂತ ಅವಳನ್ನ ಗಟ್ಟಿಯಾಗಿ ಹಿಡ್ಕೊಂಡಿದ್ದೆ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅತ್ತೆ ಟವೆಲನ್ನು ಅವಳ ಕೈಯಿಂದ ತೆಗೆದುಕೊಂಡು ಒಂದೇ ಸಲಕ್ಕೆ ಸರಿಯಾಗಿ ಮಡಿಸಿದರು. ಹಾಗಾದರೆ ನೀನು ಬಚ್ಚಲ ಮುಂದೆ ನಿಲ್ಲುತ್ತಿದ್ದದ್ದು ನನಗಾಗಿ ಅಲ್ಲ ಎಂದರು. ಪ್ರಶ್ನೆಯ ಹಾಗೇನೂ ಹೇಳಲಿಲ್ಲ. ಅತ್ತೆ ಬಟ್ಟೆಯ ರಾಶಿಯನ್ನು ಎತ್ತಿಕೊಂಡು ಒಳಗೆ ಹೋದರು.

ಶನಿವಾರ ಬೆಳಿಗ್ಗೆ ಅವಳು ಹಿಂಗೋಡೆಯನ್ನು ಸುತ್ತಿ ಹೋದಳು. ಸಿಳ್ಳೆಯಕ್ಕ ಅಂಗಳದಲ್ಲಿ ಕುಳಿತು ಮರಿಗೆ ಬಾಟಲಿ ಹಿಡಿದಿದ್ದಳು. ಅಂಗಿಯ ತೋಳು ಈಗ ಮರಿಯ ಕೊರಳಿಗೆ ಸುತ್ತಿತ್ತು. ಬನ್ನಿ ಮೇಡಂ ಎಂದು ಎದ್ದು, ಮಣೆಯೊಂದನ್ನು ಕಾಲಿನಿಂದ ಮುಂದೆ ತಳ್ಳಿದಳು. ತಕ್ಕಡಿ ಮೇಡಂ ಅದರ ಮೇಲೆ ಕುಳಿತಳು. ರಕ್ತದ ನಂಟು, ಅಂಕಿ ಇವನ್ನೆಲ್ಲ ಬಿಟ್ಟು, ಆರು ದಿನ ತಾನು ಇರಲಿಲ್ಲ, ಆಮೇಲೆ ಅಂದಾಜಿನಲ್ಲಿ ಬರೆದೆ, ಆ ಅಂದಾಜಿನ ಮೇಲೆ ಈ ಹೋತವನ್ನು ಆರಿಸಿದರು, ಇದರಿಂದ ಹಾಲೇನೂ ಹೆಚ್ಚುವುದಿಲ್ಲ, ಮರಿ ದಪ್ಪವಾಗುತ್ತದೆ ಅಷ್ಟೆ ಎಂದು ಹೇಳಿದಳು. ಹೇಳುವಾಗ ಮರಿಯನ್ನೇ ನೋಡುತ್ತಿದ್ದಳು.

ಬಾಟಲಿ ಖಾಲಿಯಾಗಿ ಮರಿ ಬರಿಯ ಗಾಳಿಯನ್ನು ಚೀಪುತ್ತಿತ್ತು. ಸಿಳ್ಳೆಯಕ್ಕ ಅದನ್ನು ಬಿಡಿಸಿಕೊಳ್ಳಲಿಲ್ಲ.

"ಹಂಗಾದ್ರೆ ಕಾಳಿಂದಲ್ವಾ?"

"ಅಲ್ಲ ಅಕ್ಕ. ನಿಮ್ಮ ಕಾಳಿಂದಲ್ಲ."

"ಅಲ್ವಾ?" ಎಂದು ಅವಳು ಇನ್ನೊಂದು ಸಲ ಕೇಳಿದಳು. ಒಳಗಿನ ಬಾಗಿಲ ಕಡೆ ತಿರುಗಿ, ಓರಗಿತ್ತಿಗೆ ಕೇಳುವಂತೆ, "ಕಾಳಿಂದಲ್ವಂತೆ ಕಣೇ" ಎಂದು ಕೂಗಿ ಹೇಳಿದಳು. ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ತಕ್ಕಡಿ ಮೇಡಂ ಕಡೆ ತಿರುಗಿದಾಗ ಆ ಕಣ್ಣಲ್ಲಿ ಗುರುವಾರದ ಹೆಂಗಸು ಇರಲಿಲ್ಲ.

"ಮೊನ್ನೆ ಗೊತ್ತಿತ್ತಾ ನಿಮಗೆ? ನಾನು ಕಿಟಕಿ ಹತ್ರ ನಿಂತು, ನಾನೇ ಕೆಟ್ಟೆ ಅಂದಾಗ?"

"ಪೂರ್ತಿ ಗೊತ್ತಿರಲಿಲ್ಲ" ಎನ್ನಲು ಹೊರಟಳು. ಜಾಗ್ರತೆಯಿಂದ ಆರಿಸಿದ ಮಾತು. ನಿಜಕ್ಕೂ ಸುಳ್ಳಿಗೂ ನಡುವಿನ ಗಡಿಯ ಮೇಲೆ ಸರಿಯಾಗಿ ಕೂರುತ್ತಿತ್ತು. ಅದನ್ನು ನುಂಗಿಕೊಂಡಳು.

"ಗೊತ್ತಿತ್ತು."

ಸಿಳ್ಳೆಯಕ್ಕ ತಲೆಯಾಡಿಸಿದಳು. ಮರಿಯನ್ನು ನೆಲಕ್ಕಿಳಿಸಿ, ಬಾಟಲಿಯನ್ನು ತೊಳೆದು ಮಗುಚಿಟ್ಟಳು. ಗಬ್ಬದ ಎರಡು ಮೇಕೆಗಳು ಮೂಲೆಯಲ್ಲಿ ಮೆಲುಕು ಹಾಕುತ್ತಾ ಮಲಗಿದ್ದವು. ಇನ್ನು ಹದಿನೈದು ದಿನಕ್ಕೆ ಒಂದು, ಅದರ ಮೇಲೆ ಎರಡು ಮೂರು ದಿನಕ್ಕೆ ಇನ್ನೊಂದು ಎಂದು ಲೆಕ್ಕ ಹೇಳಿದಳು. ಈಯುವಾಗ ತಾನೂ ಬಂದು ಜೊತೆಗಿರುತ್ತೇನೆ, ಯಾವ ಹೊತ್ತಾದರೂ ಹೇಳಿಕಳಿಸಿ ಎಂದು ತಕ್ಕಡಿ ಮೇಡಂ ಹೇಳಿದಳು.

"ನೀವು ಬಂದು ಏನು ಮಾಡ್ತೀರಿ? ತೂಗ್ತೀರಾ? ಡಾಕ್ಟರನ್ನ ಕಳಿಸಿ."

"ಕಳಿಸ್ತೀನಿ. ಸೋಮವಾರವೇ ಬರ್ತಾರೆ. ಈಯೋವಾಗಲೂ ಇರ್ತಾರೆ."

"ಹೋತಾನ ಇವತ್ತೇ ಹೊಡ್ಕೊಂಡು ಹೋಗಿ."

ಹೋತದ ಹಗ್ಗವನ್ನು ಗೂಟದಿಂದ ಬಿಚ್ಚಿ ಸಿಳ್ಳೆಯಕ್ಕ ಅವಳ ಕೈಗೆ ಕೊಟ್ಟಳು. ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದಳು. ತಕ್ಕಡಿ ಮೇಡಂ ಎಂಟು ವರ್ಷದಲ್ಲಿ ಸಾವಿರ ಮೇಕೆ ತೂಗಿದ್ದಳು, ಒಂದನ್ನೂ ಬೀದಿಯಲ್ಲಿ ಹೊಡೆದುಕೊಂಡು ಹೋಗಿರಲಿಲ್ಲ. ಹೋತ ನಾಲ್ಕು ಹೆಜ್ಜೆ ಬಂದು, ಕಾಲೂರಿ ನಿಂತುಬಿಟ್ಟಿತು. ಅವಳು ಎಳೆದಳು, ಅದೂ ಎಳೆಯಿತು. ಎದುರು ಮನೆಯವರು ಕಿಟಕಿಯಿಂದ ನೋಡಿದರು. ಹಿಂದಿನಿಂದ ಸಿಳ್ಳೆಯಕ್ಕ ಬಂದು ಸಿಳ್ಳೆ ಹೊಡೆದು ಹೊರಡಿಸಬಹುದೆಂದು ಅವಳು ಕಾದಳು. ಸಿಳ್ಳೆ ಬರಲಿಲ್ಲ. ಅವಳು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಹೋತದ ಪಕ್ಕಕ್ಕೆ ಬಂದು, ಅದರ ಕೊರಳಿಗೆ ಕೈ ಹಾಕಿ, ಅದು ಇಟ್ಟಷ್ಟೇ ಹೆಜ್ಜೆ ತಾನೂ ಇಡುತ್ತಾ ಕೇಂದ್ರದ ಗೇಟಿನ ಕಡೆ ನಡೆದಳು. ಅದನ್ನು ಕಟ್ಟಿಹಾಕಿ ಮಧ್ಯಾಹ್ನದೊಳಗೆ ಎರಡನೆಯ ಮನೆಗೆ ಹೋಗಬೇಕಿತ್ತು. ಆ ಮನೆಯಲ್ಲಿ ಎಷ್ಟು ಮೇಕೆಗಳು ಗಬ್ಬವಾಗಿವೆಯೆಂದು ಅವಳಿಗೆ ಗೊತ್ತಿರಲಿಲ್ಲ. ಈ ಸಲ ಅಂದಾಜು ಮಾಡಲಿಲ್ಲ.